ಐದಕ್ಕೆ ಮುಚ್ಚಿದ ಗೇಟು

“ಅಲ್ಲಿ ನೋಡ್ರಿ, ನಡುವಿನ ಕುರ್ಚಿ ಮ್ಯಾಲ ಕುಂತಾಳಲ್ಲ, ಅಕೀನೇ ನಮ್ಮವ್ವ!”

ಯಶು ಕಲ್ಲಿನ ಗುಡ್ಡೆಯ ಮೇಲೆ ತುದಿಗಾಲಲ್ಲಿ ನಿಂತು ಶಾಲೆಯ ಕಿಟಕಿಯತ್ತ ಬೆರಳು ತೋರಿಸಿದಳು. ಮೆಹನಾಜ ಮತ್ತು ಮುಕ್ರಮ ಅವಳ ಪಕ್ಕದಲ್ಲಿ ಜಾಗಕ್ಕಾಗಿ ತಳ್ಳಾಡುತ್ತಿದ್ದರು.

“ಅಕಿ ಏನ್ ಮಾಡ್ತಾಳ ಅಲ್ಲಿ?” ಮುಕ್ರಮ ಕೇಳಿದ.

“ಅಕಿ ಪಿಆರ್‌ಒ, ಅಂದ್ರ ಓಟ್ ಹಾಕ್ಸೋ ದೊಡ್ಡ ಆಫೀಸರ್. ಇವತ್ತ ಈ ಸಾಲಿಗೆಲ್ಲ ಅಕೀನೇ ಹೆಡ್. ಪೊಲೀಸ್ನೋರೂ ಅಕಿ ಮಾತು ಕೇಳಬೇಕು.”

“ಸುಳ್ಳ!”

ಅಷ್ಟರಲ್ಲಿ ಗೇಟಿನ ಪೊಲೀಸಪ್ಪ ಲಾಠಿ ಎತ್ತಿ, “ಏ, ಇಳೀರಲೇ ಕೆಳಗ! ಮೇಡಂ ನೋಡಿದ್ರ ನನಗ ಬೈತಾರ” ಎಂದು ಗದರಿಸಿದ.

“ಕೇಳಿದೇನು?” ಎಂದಳು ಯಶು. ಗುಡ್ಡೆಯಿಂದ ಇಳಿಯುವಾಗಲೂ ಅವಳ ಮುಖದ ತುಂಬ ನಗು.

ಅವತ್ತು ಗ್ರಾಮ ಪಂಚಾಯತಿ ಚುನಾವಣೆ. ಯಶುವಿನ ಅವ್ವ ಗೌತಮಿ, ಜೇವರ್ಗಿಯಲ್ಲಿ ಟೀಚರ್. ಚುನಾವಣೆ ಡ್ಯೂಟಿ ಬಿದ್ದದ್ದು ಮಾತ್ರ ಅವಳ ತವರೂರಿನಲ್ಲೇ, ಅವಳು ಓದಿದ ಶಾಲೆಯಲ್ಲೇ. ಆರ್ಡರ್ ನೋಡಿ ಅವ್ವನೇ ಗಾಬರಿಯಾಗಿ ಆಫೀಸಿಗೆ ಹೋಗಿ ಹೇಳಿದ್ದಳು. “ನಿಮ್ಮ ಮನಿಯೋರು ಯಾರರೆ ಎಲೆಕ್ಷನ್‌ಗೆ ನಿಂತಾರೇನು?” ಎಂದು ಅಲ್ಲಿಯವರು ಕೇಳಿದರಂತೆ. “ಇಲ್ರಿ” ಅಂದಳಂತೆ. “ಮತ್ತೇನದ, ಹೋಗ್ರಿ” ಅಂದರಂತೆ.

ಯಶುಗೆ ಶಾಲೆ ರಜೆ. ಅವಳು ಮೊದಲೇ ಊರಿಗೆ ಬಂದು ಆಯಿ ಮತ್ತು ಮುತ್ಯಾನ ಮನೆಯಲ್ಲಿದ್ದಳು. ಸಾಬವ್ವ ಆಯಿ, ಮಲ್ಕಪ್ಪ ಮುತ್ಯಾ, ಇಬ್ಬರೂ ಅವ್ವನನ್ನು ಹೆತ್ತವರು.

ನಿನ್ನೆ ಸಂಜೆ ಮತಪೆಟ್ಟಿಗೆಯ ಜೊತೆ ಬಸ್ಸಿನಿಂದ ಇಳಿದ ಅವ್ವ ನೇರ ಶಾಲೆಗೆ ಹೋದಳು. ತವರುಮನೆ ಎರಡೇ ಓಣಿ ಆಚೆ. ಆದರೂ ಅತ್ತ ಕಾಲಿಡಲಿಲ್ಲ. ಆಯಿ ಬಿಸಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿ ಯಶುವಿನ ಕೈಯಲ್ಲಿ ಕಳಿಸಿದ್ದಳು. ಅವ್ವ ಅದನ್ನೂ ಗೇಟಿನಿಂದಲೇ ವಾಪಸ್ ಕಳಿಸಿದಳು.

“ಡ್ಯೂಟಿ ಮುಗಿಯೋಮಟ ನಾ ಈ ಊರಾಗ ಯಾರ ಮನೀದೂ ಉಣ್ಣಂಗಿಲ್ಲ. ಆಯಿಗಿ ಸಿಟ್ಟಾಗಬ್ಯಾಡ ಅಂತ ಹೇಳು.”

“ಹಡೆದವ್ವನ ಕೈ ರೊಟ್ಟೀನೂ ಬ್ಯಾಡೇನಂತ ಅಕಿಗಿ?” ಆಯಿ ಸಿಡುಕಿದಳು. ಸ್ವಲ್ಪ ಹೊತ್ತಿಗೆ ಅದೇ ಮಾತನ್ನು ಪಕ್ಕದ ಮನೆಯವರಿಗೆ ಹೇಳುವಾಗ ಮಾತ್ರ ದನಿಯಲ್ಲಿ ಸಿಡುಕು ಇರಲಿಲ್ಲ. “ನನ್ನ ಮಗಳು ಆಫೀಸರ್ ಬೇ, ಹಂಗೆಲ್ಲ ಉಣ್ಣಂಗಿಲ್ಲ!”

ಬೆಳಿಗ್ಗೆ ಆಯಿ ಎಲ್ಲರಿಗಿಂತ ಮೊದಲು ಹೋಗಿ ಓಟು ಹಾಕಿ ಬಂದಳು. ಮುತ್ಯಾ ಹೊಲಕ್ಕೆ ಹೊರಟಿದ್ದ. ಅವತ್ತೇ ತೊಗರಿ ರಾಶಿಗೆ ಮಷಿನ್ ಬರುವುದಿತ್ತು.

“ಯಶು, ಮೂರು ಹೊಡೀತಿದ್ದಂಗ ಬಂದು ನನ್ನ ಕರೀಬೇಕು ನೋಡು. ಮಷಿನ್ ಸಪ್ಪಳದಾಗ ಫೋನೂ ಕೇಳಂಗಿಲ್ಲ, ಹೊತ್ತೂ ತಿಳಿಯಂಗಿಲ್ಲ. ಮರೀಬ್ಯಾಡ.”

“ಮರಿಯಂಗಿಲ್ಲ ಮುತ್ಯಾ!”

ಆದರೆ ಯಶು ಮರೆತಳು. ಮೆಹನಾಜ, ಮುಕ್ರಮ ಆದಮೇಲೆ ಇನ್ನೂ ನಾಲ್ಕು ಮಕ್ಕಳು ಬಂದರು. ಅವರಿಗೂ ಕಿಟಕಿ ತೋರಿಸಬೇಕಾಯಿತು, ಪಿಆರ್‌ಒ ಅಂದರೆ ಏನೆಂದು ಹೇಳಬೇಕಾಯಿತು. ಹೇಳಿದಷ್ಟೂ ಅವ್ವ ದೊಡ್ಡವಳಾಗುತ್ತ ಹೋದಳು. ಕೊನೆಗೆ ಅವಳು ಕಲೆಕ್ಟರ್‌ಗಿಂತ ಒಂದೇ ಮೆಟ್ಟಿಲು ಕೆಳಗಿದ್ದಳು.

“ನಿಮ್ಮ ಮುತ್ಯಾ ಓಟ್ ಹಾಕಿದ್ನೇನು?” ಮೆಹನಾಜ ಸುಮ್ಮನೆ ಕೇಳಿದಳು.

ಯಶು ಥಟ್ಟನೆ ತಿರುಗಿ ನೋಡಿದಳು. ಶಾಲೆಯ ಮುಂದಿನ ಬೇವಿನ ಮರದ ನೆರಳು ರಸ್ತೆ ದಾಟಿ ಆಚೆ ಗೋಡೆ ಏರಿತ್ತು. ಅವಳು ಹೊಲದ ಕಡೆ ಓಟ ಕಿತ್ತಳು.

ಹೊಲದಲ್ಲಿ ಮಷಿನ್ ಇನ್ನೂ ಗುಡುಗುತ್ತಿತ್ತು. ಹೊಟ್ಟಿನ ಧೂಳಿನಲ್ಲಿ ಮುತ್ಯಾನ ಮುಖವೇ ಕಾಣುತ್ತಿರಲಿಲ್ಲ. “ಈಗ ಬಂದೇನು? ಹೊತ್ತು ಮುಳುಗಾಕ ಬಂತಲ್ಲೇ ಕೂಸು!” ಎಂದವನು ಮುಂದೆ ಬೈಯಲಿಲ್ಲ. ರುಮಾಲು ಸುತ್ತಿಕೊಂಡು ನಡೆದೇಬಿಟ್ಟ. ಅವನ ಮಂಡಿನೋವು ಓಡಲು ಬಿಡಲಿಲ್ಲ. ಯಶು ಮುಂದೆ ಓಡುವಳು, ನಿಲ್ಲುವಳು, ಮತ್ತೆ ಹಿಂದೆ ಬಂದು ಅವನ ಕೈ ಎಳೆಯುವಳು.

“ನನಗ ಓಟು ಬಂದಾಗಿಂದ ಒಂದೂ ತಪ್ಪಿಸಿಲ್ಲ. ಜ್ವರ ಬಂದಾಗೂ ಹೋಗೇನಿ” ಮುತ್ಯಾ ಏದುಸಿರು ಬಿಡುತ್ತ ಹೇಳಿದ.

ಅವರು ಬರುವಷ್ಟರಲ್ಲಿ ಗೇಟು ಮುಚ್ಚಿತ್ತು.

ಒಳಗೆ ಒಂದಷ್ಟು ಜನ ಕೈಯಲ್ಲಿ ಚೀಟಿ ಹಿಡಿದು ಸಾಲಾಗಿ ನಿಂತಿದ್ದರು. ಹೊರಗೆ ಒಂದು ಬಿಳಿ ಜೀಪು. ಅದರ ಮುಂದೆ ಊರಿನ ಹಣಮಂತರಾಯ ಸಾಹುಕಾರರು, ಅವರ ಹೆಂಡತಿ ಗುರುಶಾಂತಮ್ಮ, ಇಬ್ಬರು ಗಂಡುಮಕ್ಕಳು. ಕಲಬುರಗಿಯಿಂದ ಈಗಷ್ಟೇ ಬಂದಿಳಿದಿದ್ದರು. ಗೇಟಿನ ಒಳಗೆ ಅವ್ವ ನಿಂತಿದ್ದಳು.

“ಬರೇ ಐದ್ ನಿಮಿಷ ಲೇಟ್ ಆಗ್ಯಾದ. ಊರಾಗ ದೊಡ್ಡ ಮನಿ ನಮ್ದು. ನಮಗೇ ಗೇಟ್ ಹಾಕ್ತೀಯೇನು ಗೌತಮಿ?” ಎಂದರು ಸಾಹುಕಾರರು.

“ಐದಕ್ಕ ಲೈನ್‌ನ್ಯಾಗ ನಿಂತೋರಿಗೆ ಚೀಟಿ ಕೊಟ್ಟೇನ್ರಿ. ಆಮ್ಯಾಲ ಬಂದೋರಿಗೆ ಅವಕಾಶ ಇಲ್ರಿ.”

ಸಾಹುಕಾರರು ಇನ್ನೇನೋ ಹೇಳಲು ಬಾಯಿ ತೆರೆದರು. ಆಗ ಮುತ್ಯಾ ಕಣ್ಣಿಗೆ ಬಿದ್ದ. ಅವರ ಮುಖ ಅರಳಿತು.

“ಬಾ ಮಲ್ಕಪ್ಪ, ಬಾ! ತಗೀ ಗೌತಮಿ, ನಿಮ್ಮಪ್ಪ ಬಂದಾನ. ಮುದುಕ ಮನುಷ್ಯಾ, ಅವನ್ನ ಬಿಡು. ಅವನ ಹಿಂದ ನಾವೂ ಬರ್ತೇವಿ.”

ಸಾಲಿನಲ್ಲಿದ್ದವರೂ ತಿರುಗಿ ನೋಡಿದರು.

ಯಶು ಗೇಟಿನ ಸರಳು ಹಿಡಿದುಕೊಂಡಳು. “ಅವ್ವಾ, ತಪ್ಪು ನಂದು. ನಾನೇ ಲೇಟಾಗಿ ಹೋಗಿ ಕರದೆ. ಮುತ್ಯಾನ್ನ ಬಿಡವ್ವಾ!”

ಅವ್ವ ಅವಳತ್ತ ನೋಡಲಿಲ್ಲ. ಮುತ್ಯಾನನ್ನೇ ನೋಡಿದಳು. ಅವನ ಹುಬ್ಬಿನ ಮೇಲೆ ತೊಗರಿಯ ಹೊಟ್ಟು ಅಂಟಿತ್ತು.

“ಟೈಮ್ ಆಗಿ ಹೋಗ್ಯಾದ್ರಿ. ಗೇಟ್ ತಗ್ಯಾಕ ಬರಂಗಿಲ್ರಿ.”

ಯಶುಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವ್ವ ಯಾವಾಗಲೂ “ಅಪ್ಪಾ, ನೀ ಉಂಡಿ?” ಎಂದು ಮಾತಾಡಿಸುವವಳು. ಇವತ್ತು ‘ರೀ’ ಅಂದಳು. ಸಾಹುಕಾರರಿಗೆ ಅಂದ ಹಾಗೆಯೇ ಅಂದಳು.

ಮುತ್ಯಾ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

“ಹೌದ್ರಿ ಮೇಡಮ್ಮೋರೆ. ನೀವು ಹೇಳೋದು ಖರೇ ಅದ.”

ಮುತ್ಯಾ ಸಾಹುಕಾರರ ಕಡೆ ತಿರುಗಿದ. “ಬರ್ರಿ ಸಾಹುಕಾರ್ರೆ, ಕಟ್ಟಿ ಮ್ಯಾಲ ಕುಂದ್ರೋಣು. ಮುಂದಿನ ಸಲ ಇಬ್ರೂ ಕೂಡೇ ಜಲ್ದಿ ಬರೋಣಂತ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಶಾಂತಮ್ಮ ಗಂಡನ ತೋಳು ಜಗ್ಗಿದರು. “ನಡೀರಿ ಮನಿಗಿ. ಹಡೆದಪ್ಪನ್ನೇ ಬಿಡಲಿಲ್ಲ, ನಮ್ಮನ್ಯಾಕ ಬಿಟ್ಟಾಳು?”

ಜೀಪು ಹೋಯಿತು. ಅವ್ವ ಒಳಗೆ ಹೋದಳು.

ಯಶು ಬೇವಿನ ಕಟ್ಟೆಯ ಮೇಲೆ ಕೂತು ಬಿಕ್ಕಿದಳು. “ನಿನ್ನ ಓಟು ನನ್ನಿಂದ ಹೋತು ಮುತ್ಯಾ.”

“ಹೋತು” ಎಂದ ಮುತ್ಯಾ. “ಹೊಟ್ಟಿ ಉರಿಯಾಕತ್ತದ. ಇಲ್ಲ ಅಂದ್ರ ಸುಳ್ಳ ಆಗ್ತದ.” ಅವನು ರುಮಾಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡ. ಗೇಟನ್ನೇ ನೋಡುತ್ತಿದ್ದ. “ನಿಮ್ಮವ್ವನ್ನ ಸಾಲಿಗಿ ಹಾಕಾಕ ಬಂದಾಗ ಇದೇ ಗೇಟಿನ ಹೊರಗ ನಿಂತಿದ್ದೆ. ಬಿಸಲಾಗ ಭಾಳ ಹೊತ್ತು ನಿಂದ್ರಿಸಿದ್ರು. ನಮ್ಮೋಣಿಯೋರು ಅಂದ್ರ ಆಗ ಹಂಗೇ, ದೊಡ್ಡ ಮನಿಯೋರು ಮಾತ್ರ ಸೀದಾ ಒಳಗ ಹೋಗ್ತಿದ್ರು. ಗೇಟ್ ತಗೀರಪ್ಪಾ ಅಂತ ಕೈ ಮುಗದಿದ್ದೆ.”

“ಇವತ್ತೂ ನಿನ್ನ ಹೊರಗೇ ನಿಂದ್ರಿಸಿದ್ರಲ್ಲ.”

“ಇವತ್ತ ನನ್ನ ಬಾಜೂಕ ಯಾರ್ ನಿಂತಿದ್ರು ನೋಡಿದಿಲ್ಲ?” ಎಂದ ಮುತ್ಯಾ. ಅವನ ಕಣ್ಣು ತುಂಬಿತ್ತು. ಆದರೆ ಮೀಸೆಯೊಳಗೆ ನಗು ಅಡಗಿತ್ತು.

ಇಬ್ಬರೂ ಅಲ್ಲೇ ಕೂತರು. ಕೊನೆಯವರು ಓಟು ಹಾಕಿ ಹೊರಬಂದರು. ಪೆಟ್ಟಿಗೆಗೆ ಸೀಲ್ ಬಿತ್ತು. ಬಸ್ಸು ಬಂದು ನಿಂತಿತು. ಅವ್ವ ಪೆಟ್ಟಿಗೆಯ ಹಿಂದೆಯೇ ಹತ್ತಿ ಮುಂದಿನ ಸೀಟಿನಲ್ಲಿ ಕೂತು, ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡಳು.

ಬಸ್ಸು ಕಟ್ಟೆಯ ಹತ್ತಿರ ನಿಧಾನವಾಯಿತು. ಮುತ್ಯಾ ಮಂಡಿಗೆ ಕೈಯೂರಿ ಎದ್ದು ನಿಂತ, ನೆಟ್ಟಗೆ. ಯಶುಗೆ “ಅವ್ವಾ!” ಎಂದು ಕೂಗಬೇಕೆನಿಸಿತು. ಬಾಯಿತನಕ ಬಂದಿತ್ತು. ಅವ್ವನ ಕೈ ಇನ್ನೂ ಪೆಟ್ಟಿಗೆಯ ಮೇಲೇ ಇರುವುದನ್ನು ನೋಡಿದಳು. ಕೂಗಲಿಲ್ಲ. ಮುತ್ಯಾನ ಹಾಗೆ ಅವಳೂ ನೆಟ್ಟಗೆ ನಿಂತಳು.

ಬಸ್ಸು ದೂರವಾದ ಮೇಲೆ ಮುಕ್ರಮ ಓಡಿಬಂದ. “ನಿಮ್ಮವ್ವ ನಿಮ್ಮ ಮುತ್ಯಾಗೂ ಗೇಟ್ ತಗೀಲಿಲ್ಲಂತ, ಖರೇನು?”

“ಖರೇ” ಎಂದಳು ಯಶು.

ಅಷ್ಟೇ ಅಂದಳು. ಆಮೇಲೆ ಮುತ್ಯಾನ ಹುಬ್ಬಿಗೆ ಅಂಟಿದ್ದ ಹೊಟ್ಟನ್ನು ಬೆರಳಿಂದ ತೆಗೆದು, ಅವನ ನಡಿಗೆಗೆ ತನ್ನ ನಡಿಗೆ ಸೇರಿಸಿಕೊಂಡು ಮನೆಯ ಕಡೆ ಹೊರಟಳು.