ನಿರೂಪಕಿಯ ದವಡೆ

ಗುರಪಾದಪ್ಪ ತೆಲಸಂಗ ಅವರ ಅಧ್ಯಕ್ಷೀಯ ಭಾಷಣ ನಲವತ್ತೊಂದನೆಯ ನಿಮಿಷಕ್ಕೆ ಕಾಲಿಟ್ಟಾಗ, ವೇದಿಕೆಯ ತುದಿಯಲ್ಲಿ ಕುಳಿತಿದ್ದ ನಿರೂಪಕಿ ಸುಗಲಾ ಹಂಜಗಿಯವರ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅದು ಆಕಳಿಕೆಯಲ್ಲ, ಅಚ್ಚರಿಯೂ ಅಲ್ಲ. ಕೆಳದವಡೆ ಸದ್ದಿಲ್ಲದೆ ಎರಡು ಬೆರಳಿನಷ್ಟು ಜಾರಿ ನಿಂತುಬಿಟ್ಟಿತು. ವಿಜಯಪುರದ ಆ ಸಭಾಂಗಣದಲ್ಲಿದ್ದ ನೂರಿಪ್ಪತ್ತು ಮಂದಿಯೂ ಅದನ್ನು ನೋಡಿದರು. ನೋಡದೆ ಇನ್ನೇನು ಮಾಡಿಯಾರು? ಭಾಷಣವನ್ನಂತೂ ಯಾರೂ ಕೇಳುತ್ತಿರಲಿಲ್ಲ.

ಆ ಬಾಯಿಯನ್ನು ತೆರೆಸಿದ್ದು ಅಕ್ಕಿಕಾಳಿನಷ್ಟು ಚಿಕ್ಕದಾದ ಒಂದು ಜೋಡಿ ಯಂತ್ರ. ಅದರ ಹೆಸರು ದವಡೆ ಸಡಿಲಕ. ಮೂರು ವಾರಗಳ ಹಿಂದಷ್ಟೇ ಡಾಕ್ಟರ್ ಶಬಾನಾ ಇನಾಮದಾರ ಅವನ್ನು ಸುಗಲಾ ಅವರ ಎರಡೂ ಕಿವಿಗಳ ಮುಂದೆ, ಚರ್ಮದ ಅಡಿಯಲ್ಲಿ ಕೂರಿಸಿದ್ದರು.

ಐವತ್ತಾರು ವರ್ಷದ ಸುಗಲಾ ಇಪ್ಪತ್ತು ವರ್ಷಗಳಿಂದ ನುಡಿಬೆಳಕು ಎಂಬ ಸಾಹಿತ್ಯ ಬಳಗದ ನಿರೂಪಕಿ. ರುಮಟಾಯ್ಡ್ ಸಂಧಿವಾತ ಮೊದಲು ಅವರ ಬೆರಳುಗಳಿಗೆ ಬಂತು, ಆಮೇಲೆ ಮಣಿಕಟ್ಟಿಗೆ, ಕೊನೆಗೆ ದವಡೆಗೆ. ಬೆಳಿಗ್ಗೆ ಎದ್ದರೆ ಬಾಯೊಳಗೆ ಹಲ್ಲುಜ್ಜುವ ಬ್ರಷ್ಷು ಕೂಡ ಹೋಗುತ್ತಿರಲಿಲ್ಲ. ಡಾಕ್ಟರ್ ಶಬಾನಾ ಗೋಡೆಯ ಪರದೆಯ ಮೇಲೆ ಸ್ಕ್ಯಾನ್ ತೋರಿಸಿದ್ದರು.

"ಇದು ನಿಮ್ಮ ದವಡೆ ಎಲುಬಿನ ತಲಿ, ಮೇಡಂ. ದುಂಡಗ ಇರಬೇಕಾಗಿತ್ತು."

ಚಿತ್ರದಲ್ಲಿ ಅದು ಇಲಿ ಕಡಿದ ಸಾಬೂನಿನಂತಿತ್ತು. "ಯಾರ್ ತಿಂದ್ರು ಇದನ್ನ?" ಎಂದರು ಸುಗಲಾ.

"ನಿಮ್ಮ ಮೈ ಕಾಯೋ ಪಡೀನ. ವೈರಿ ಬಂದಾನ ಅಂತ ತಪ್ಪು ತಿಳಕೊಂಡು ನಿಮ್ಮ ಕೀಲಿನ ಒಳಪದರದ ಮ್ಯಾಲೆ ಬಿದ್ದೈತಿ. ಪದರ ಬಾತು, ಎಲುಬು ಕರಗಿಸೋ ಜೀವಕೋಶಗಳನ್ನ ಎಬ್ಬಿಸೈತಿ. ಅವು ಎಲ್ಲಾರ ಮೈಯಾಗೂ ಇರ್ತಾವು. ಹಳೇ ಎಲುಬು ತಗದು ಹೊಸದಕ್ಕ ಜಾಗಾ ಮಾಡ್ತಾವು. ನಿಮ್ಮಲ್ಲಿ ಕಟ್ಟೋವಕ್ಕಿಂತ ಕೆಡವೋವು ಹೆಚ್ಚಾಗ್ಯಾವು."

"ಅಂದ್ರ ನಮ್ಮ ಓಣಿ ರಸ್ತಾದ ಗತೆ."

"ಹಂಗಾ ಅನ್ಕೋರಿ. ಇನ್ನೊಂದು, ನೀವು ಬಾಳ ಹಲ್ಲು ಕಚ್ಚತೀರಿ. ಬಾತ ಕೀಲಿನ ಮ್ಯಾಲೆ ಆ ಭಾರ ಬಿದ್ರ ಎಲುಬು ಇನ್ನೂ ಲಗೂನ ಸವೀತೈತಿ. ಯಾವಾಗ ಕಚ್ಚತೀರಿ?"

ಸುಗಲಾ ಸ್ವಲ್ಪ ಯೋಚಿಸಿದರು. "ಭಾಷಣದಾಗ," ಎಂದರು.

ದವಡೆ ಸಡಿಲಕ ಎರಡು ಕೆಲಸ ಮಾಡುತ್ತಿತ್ತು. ಎಲುಬು ಕರಗಿಸುವ ಕೋಶಗಳನ್ನು ತಣ್ಣಗಾಗಿಸುವ ಔಷಧವನ್ನು ಕೀಲಿನೊಳಕ್ಕೆ ಹನಿಹನಿಯಾಗಿ ಬಿಡುವುದು ಒಂದು. ಹಲ್ಲು ಕಚ್ಚುವ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದು, ಅದು ಮಿತಿ ಮೀರಿದ ಕೂಡಲೇ ನವಿರಾದ ವಿದ್ಯುತ್ ಸಂಕೇತ ಕಳಿಸಿ ಸ್ನಾಯುವನ್ನು ಹತ್ತು ಸೆಕೆಂಡು ಸಡಿಲಿಸುವುದು ಇನ್ನೊಂದು. ಎಂಟು ತಿಂಗಳ ಚಿಕಿತ್ಸೆ. ಹಲ್ಲು ಕಚ್ಚಿಕೊಂಡೇ ಬದುಕು ಸಾಗಿಸುವವರು ಆ ಎಂಟು ತಿಂಗಳು ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಇತ್ತ ವೇದಿಕೆಯ ಮೇಲೆ ತೆಲಸಂಗ ಅವರು ಮಾತು ನಿಲ್ಲಿಸಿದರು. ಅವರು ನಿವೃತ್ತ ಪಶುವೈದ್ಯರು. ತೆರೆದ ಬಾಯಿ ಕಂಡರೆ ಒಳಗೆ ಇಣುಕುವುದು ರೂಢಿ.

"ಏನರ ಹೇಳೂದೈತೇನ್ರಿ, ಮೇಡಂ?"

ಹತ್ತು ಸೆಕೆಂಡು ಮುಗಿದು ದವಡೆ ಸುಗಲಾ ಅವರ ಹಿಡಿತಕ್ಕೆ ಮರಳಿತು. ಮೈಕು ಎದುರಿಗೇ ಇತ್ತು. ಇಪ್ಪತ್ತು ವರ್ಷ "ಅತ್ಯಂತ ಅರ್ಥಪೂರ್ಣವಾಗಿ ಮಾತನಾಡಿದ ಮಾನ್ಯರಿಗೆ ವಂದನೆಗಳು" ಎಂದಿದ್ದ ಬಾಯಿ ಅದು. ಅದರಿಂದ ಈಗ ಎರಡೇ ಮಾತು ಹೊರಟವು.

"ಸಾಕ್ರಿ, ಸರ್."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭಾಂಗಣವೇ ತಟ್ಟಿತು. ತೆಲಸಂಗ ಅವರು ಉಳಿದ ಹನ್ನೊಂದು ಹಾಳೆಗಳನ್ನು ಮಡಚಿ ಕೋಟಿನೊಳಗಿಟ್ಟುಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದರು.

ಮರುದಿನವೇ ಬಳಗದ ಕಾರ್ಯದರ್ಶಿಯ ಫೋನು ಬಂತು: ಒಂದೋ ಯಂತ್ರ ತೆಗೆಸಬೇಕು, ಇಲ್ಲವೇ ನಿರೂಪಣೆ ಬಿಡಬೇಕು. ಸುಗಲಾ ಅವರಿಗೆ ಕೆಡುಕೆನಿಸಿತು. ಬಳಗದ ಬ್ಯಾನರಿನ ಬಟ್ಟೆಯನ್ನೂ ಅವರೇ ಆರಿಸಿ ತಂದಿದ್ದರು. ನೇರ ಡಾಕ್ಟರ ಬಳಿಗೆ ಹೋಗಿ, "ತಗದುಬಿಡ್ರಿ ಇದನ್ನ," ಎಂದರು.

"ತಗೀಬಹುದು. ಮುಂದ ದವಡಿ ಕೂಡಿಹೋದ್ರ ನಿರೂಪಣಾ ಹೆಂಗ ಮಾಡ್ತೀರಿ? ಕೈಸನ್ನೀಲೇ?"

ಸುಗಲಾ ಯಂತ್ರದೊಂದಿಗೇ ಮನೆಗೆ ಬಂದರು.

ಆ ವಾರದಲ್ಲೇ ಬೇರೆ ಮೂರು ಸಂಸ್ಥೆಗಳವರು ನಿರೂಪಣೆಗೆ ಕರೆಯಲು ಅವರ ಮನೆ ಹುಡುಕಿಕೊಂಡು ಬಂದರು. "ನಿಮ್ಮ ಕುರ್ಚಿ ಭಾಷಣಕಾರರ ಎದುರಿಗೇ ಹಾಕ್ತೀವ್ರಿ," ಎಂದರು ಒಬ್ಬರು, ಅದೇ ದೊಡ್ಡ ಗೌರವವೆಂಬಂತೆ. ಹಾಗೆಯೇ ಹಾಕಿದರು. ಮುಖ್ಯ ಅತಿಥಿಗಳು ಒಂದು ಕಣ್ಣನ್ನು ಹಾಳೆಯ ಮೇಲೂ ಇನ್ನೊಂದನ್ನು ಸುಗಲಾ ಅವರ ಗದ್ದದ ಮೇಲೂ ಇಟ್ಟು ಮಾತನಾಡತೊಡಗಿದರು. ಸನ್ಮಾನಿತರ ಬಾಲ್ಯವಿಡೀ ಎರಡು ವಾಕ್ಯಗಳಲ್ಲಿ ಮುಗಿಯುತ್ತಿತ್ತು. ಒಮ್ಮೆ ಸುಗಲಾ ಲವಂಗವೊಂದನ್ನು ಬಾಯಿಗೆ ಹಾಕಿಕೊಳ್ಳಲು ತುಟಿ ತೆರೆದದ್ದೇ ತಡ, ಕಾಲೇಜಿನ ಪ್ರಾಚಾರ್ಯರೊಬ್ಬರು ವಾಕ್ಯದ ನಡುವೆಯೇ "ಜೈ ಹಿಂದ್, ಜೈ ಕರ್ನಾಟಕ" ಎಂದು ಕುಳಿತುಬಿಟ್ಟರು.

ಐದನೆಯ ತಿಂಗಳ ಒಂದು ಗುರುವಾರ ಸಂಜೆ ಐದಕ್ಕೆ ಬಾಗಿಲು ಬಡಿದ ಸದ್ದಾಯಿತು. ತೆಲಸಂಗ ಅವರು ನಿಂತಿದ್ದರು. ಕೈಯಲ್ಲಿ ಹಾಳೆಗಳಿರಲಿಲ್ಲ.

"ಬೈಯಾಕ ಬಂದಿಲ್ರಿ," ಎಂದರು ಮೊದಲೇ. ಚಹಾ ಬಂದ ಮೇಲೆ ಕಪ್ಪನ್ನು ನೋಡುತ್ತಲೇ ಕೇಳಿದರು: "ಮೇಡಂ, ಬಾಯಿ ತೆರೆಯೋ ಮಷಿನ್ ಐತಲ್ಲ, ಮುಚ್ಚೋದು ಏನರ ಐತೇನ್ರಿ? ನಿಮ್ಮ ಡಾಕ್ಟರಿಗೆ ಕೇಳಿ ಹೇಳ್ರಿ."

"ಯಾರಿಗೆ, ಸರ್?"

"ನನಗ. ಈಗ ಯಾವ ಸಭಾಕ್ಕ ಹೋದ್ರೂ ಐದು ನಿಮಿಷದಾಗ ಮುಗಸ್ರಿ ಅಂತ ಚೀಟಿ ಕೊಡ್ತಾರ. ಮನ್ಯಾಗ ನಾ ಬಾಯಿ ತೆಗದ್ರ ಎಲ್ಲಾರೂ ಫೋನ್ ಹಿಡೀತಾರ. ಮಾತು ಮಾತ್ರ ಒಳಗ ಹಂಗಾ ಅದಾವು. ಮುಚ್ಚಿಸಿಬಿಟ್ರ ಚಲೋ ಅಲ್ಲೇನ್ರಿ?"

ಸುಗಲಾ ತಮ್ಮ ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡರು. "ದನದ ಡಾಕ್ಟರಾಗಿ ಮೊದಲು ಯಾವ ಊರಾಗ ಇದ್ರಿ, ಸರ್?" ಎಂದು ಕೇಳಿದರು.

ತೆಲಸಂಗ ಅವರು ಹೇಳಿದರು. ಮೊದಲ ದಿನವೇ ಎಮ್ಮೆಯೊಂದು ಅವರ ಕೈಗಡಿಯಾರವನ್ನು ನುಂಗಿದ್ದು, ಅದು ಹೊರಬರುವವರೆಗೆ ಮೂರು ದಿನ ಆ ರೈತನ ಕೊಟ್ಟಿಗೆಯಲ್ಲೇ ಕಾದದ್ದು, ಮೂರನೆಯ ದಿನ ಆ ಮನೆಯವರು ಇವರಿಗೂ ಒಂದು ಊಟದ ತಾಟು ಇಟ್ಟದ್ದು. ಭಾಷಣಗಳಲ್ಲಿ ಬರುವ ನಾಡು ನುಡಿಯ ಸುದ್ದಿ ಒಮ್ಮೆಯೂ ಬರಲಿಲ್ಲ. ಸತ್ತ ಕರುವೊಂದರ ಮಾತು ಬಂದಾಗ ಅವರು ನಡುವೆಯೇ ನಿಲ್ಲಿಸಿ ಆರಿದ ಚಹಾ ಕುಡಿದರು. ಸುಗಲಾ ಆಮೇಲೆ ಏನಾಯಿತೆಂದು ಕೇಳಿದರು. ತೆಲಸಂಗ ಅವರು ಎದ್ದು ಹೋಗುವಾಗ ಗಂಟೆ ಆರೂಕಾಲು.

ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಶಬಾನಾ ಸ್ಕ್ಯಾನ್ ನೋಡಿ ಹಿಗ್ಗಿದರು. ಎಲುಬಿನ ತಲೆ ಮತ್ತೆ ದುಂಡಗಾಗುತ್ತಿತ್ತು. ಆದರೆ ಯಂತ್ರದ ದಾಖಲೆ ನೋಡುತ್ತಿದ್ದಂತೆ ಅವರ ಹುಬ್ಬು ಗಂಟಾಯಿತು.

"ಗುರುವಾರ ಐದರಿಂದ ಆರೂಕಾಲು. ಒತ್ತಡ ಪೂರ್ತಿ ಸೊನ್ನಿ. ಮಲಗಿದ್ರೇನು?"

"ಇಲ್ರಿ, ಎಚ್ಚರಾನ ಇದ್ದೆ. ತೆಲಸಂಗ ಸರ್ ಮಾತಾಡಾಕತ್ತಿದ್ರು."

ತೆಲಸಂಗ ಅವರ ಭಾಷಣದ ಖ್ಯಾತಿ ಡಾಕ್ಟರಿಗೂ ಗೊತ್ತಿತ್ತು; ದಾಖಲೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ಯಂತ್ರ ಕೆಟ್ಟಿದೆಯೆಂದು ಬರೆದುಕೊಂಡು, ಅದನ್ನು ಬಿಚ್ಚಿ ಪರೀಕ್ಷಿಸಲು ಮುಂದಿನ ಸೋಮವಾರವನ್ನು ಗೊತ್ತುಮಾಡಿದರು.