ಪುಟ್ಟಿಯ ಹಸಿರು ಫೈಲು

ಟಕ್.

ಶನಿವಾರ ರಾತ್ರಿ ಹನ್ನೊಂದೂವರೆಗೆ ಟ್ರಂಕಿನ ಚಿಲಕ ತೆರೆದ ಶಬ್ದ. ಸೌಮ್ಯಳಿಗೆ ಎಚ್ಚರವಾಯಿತು. ಮದುವೆಯಾಗಿ ಹೊಂಗನೂರಿಗೆ ಬಂದು ನಾಲ್ಕು ವರ್ಷವಾದರೂ ಈ ಮನೆಯಲ್ಲಿ ಅವಳ ನಿದ್ದೆ ತೆಳು. ಎದ್ದು ಬಂದು ನೋಡಿದರೆ, ನಡುಮನೆಯಲ್ಲಿ ನಾದಿನಿ ಪುಟ್ಟಿ ಟ್ರಂಕಿನ ಮುಂದೆ ಕುಳಿತಿದ್ದಳು.

“ಅತ್ತಿಗೆ, ಫೈಲಿಲ್ಲ.”

“ಯಾವ ಫೈಲು?”

“ಹಸಿರುದು. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಮೆಡಿಕಲ್ ಸರ್ಟಿಫಿಕೇಟು — ಎಲ್ಲಾ ಒರಿಜಿನಲ್ಲು ಅದ್ರಲ್ಲೇ ಐತೆ. ಅದಿಲ್ದೆ ಇಂಟರ್‌ವ್ಯೂಗೆ ಒಳಕ್ಕೇ ಬುಡಲ್ಲ!”

ಪೈಲಟ್ ತರಬೇತಿ ಶಾಲೆಯ ಸಂದರ್ಶನ ಸೋಮವಾರ ಬೆಂಗಳೂರಿನಲ್ಲಿ. ತಪ್ಪಿದರೆ ಮುಂದಿನ ತಂಡ ಒಂದು ವರ್ಷದ ಮೇಲೆ.

“ಕೊನೇಲಿ ಯಾವಾಗ ನೋಡ್ದೆ?”

“ಮಂಗಳವಾರ ಸಂಜೆ. ಫೋಟೋ ಹಾಕಿ, ಲಾಡಿ ಕಟ್ಟಿ ಇಟ್ಟೆ.”

ಬೆಳಗಾಗುವಷ್ಟರಲ್ಲಿ ಕಳ್ಳ ಯಾರೆಂದು ಮನೆ ತೀರ್ಮಾನಿಸಿಬಿಟ್ಟಿತ್ತು. ಪುಟ್ಟಿಯ ಸೋದರಮಾವನ ಮಗ ಜಯಕುಮಾರ್ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಶುಕ್ರವಾರ ಸಂಜೆ ಬಂದವನು ಆ ರಾತ್ರಿ ಮಲಗಿದ್ದು ಆ ಟ್ರಂಕಿನ ಪಕ್ಕದಲ್ಲೇ.

ಸೌಮ್ಯಳ ಗಂಡ, ಪುಟ್ಟಿಯ ಅಣ್ಣ ನಾಗರಾಜು ಅವನ ಕೊರಳಪಟ್ಟಿ ಹಿಡಿದ.

“ಎಲ್ಲಿ ಮಡಗಿದ್ದೀಯ ಹೇಳ್ಲಾ!”

“ನಾನ್ಯಾಕ್ಲಾ ಮಡಗ್ಲಿ?”

“ಇವ್ಳು ಇಲ್ಲಿ ಸೇರೋದು ನಿಂಗಿಷ್ಟ ಇಲ್ವಲ್ಲ. ಫಿಲಿಪೀನ್ಸಿಗೆ ಹೋಗಿ ಕಲೀಲಿ ಅಂತ ಎರಡು ತಿಂಗಳಿಂದ ತಲೆ ತಿಂದೆ.”

“ಅಂದೆ, ಈಗ್ಲೂ ಅಂತೀನಿ. ಇಲ್ಲಿ ವಿಮಾನ ಕಮ್ಮಿ, ಹುಡುಗ್ರು ಜಾಸ್ತಿ. ಇನ್ನೂರು ಗಂಟೆ ಹಾರ್ಸೋ ಹೊತ್ಗೆ ಮೂರು ವರ್ಷ ಆಯ್ತದೆ. ಅಲ್ಲಿ ಒಂದೇ ವರ್ಷ.”

“ವಾಪಸ್ ಬಂದು ಇಲ್ಲಿನ ಲೈಸೆನ್ಸಿಗೆ ಮತ್ತೆ ಪರೀಕ್ಷೆ ಬರೀಬೇಕಲ್ಲ, ಭಾವ?” ಪುಟ್ಟಿ ಅಳುತ್ತಲೇ ಕೇಳಿದಳು. “ಕಾದ್ರೂ ಸರಿ, ಇಲ್ಲೇ ಕಲೀತೀನಿ ಅಂದಿದ್ನಲ್ಲ?”

“ನೀನು ಅಂದಿದ್ದೆ, ನಿಜ. ಅದಕ್ಕೆ ನಾನು ಕಳ್ಳ ಆಗ್ಬುಡ್ತೀನಾ? ಬ್ಯಾಗ್ ನೋಡ್ಕೊ. ಒಗೀದಿರೋ ಯೂನಿಫಾರಂ ಐತೆ, ಬೇಕಾದ್ರೆ ಮೂಸ್ಕೊ.”

ಬ್ಯಾಗಿನಲ್ಲಿ ಫೈಲಿರಲಿಲ್ಲ. ಆದರೂ ನಾಗರಾಜುವಿನ ಅನುಮಾನ ಹೋಗಲಿಲ್ಲ. ಪುಟ್ಟಿ ಊಟ ಮಾಡಲಿಲ್ಲ.

ಸೌಮ್ಯಳನ್ನು ಯಾರೂ ಏನೂ ಕೇಳಿರಲಿಲ್ಲ. ಅಟ್ಟ, ಬೀರು, ಹಾಸಿಗೆ ಸುರುಳಿ — ಒಂದೊಂದನ್ನೇ ನೋಡುತ್ತ ಬಂದಳು. ಸಂಜೆಯ ಹೊತ್ತಿಗೆ ಉಳಿದದ್ದು ರೇಷ್ಮೆ ಸಾಕುವ ಹುಳು ಮನೆ ಮಾತ್ರ.

ಬುಧವಾರ, ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಿದ್ದರು. ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ಆ ದೊಡ್ಡ ತಟ್ಟಿಗಳನ್ನು ಗೋಡೆಗೆ ಒರಗಿಸುವುದು ಅತ್ತೆ ಚಿಕ್ಕಲಕ್ಷ್ಮಮ್ಮನ ಕೆಲಸ. ಮಗನ ಕೈಗೂ ಕೊಡುತ್ತಿರಲಿಲ್ಲ. ಬರುವ ಮಂಗಳವಾರ ಗೂಡು ಬಿಡಿಸುವ ತನಕ ಯಾರೂ ಅವನ್ನು ಅಲುಗಿಸುವಂತಿಲ್ಲ.

ಅತ್ತೆ ಬೆಳಗಿನಿಂದ ಹುಳು ಮನೆಯ ಹೊಸ್ತಿಲಲ್ಲೇ ಕುಳಿತಿದ್ದಳು. ಅಷ್ಟು ದೊಡ್ಡ ಜಗಳವಾದರೂ ಎದ್ದು ಬಂದಿರಲಿಲ್ಲ.

ಸೌಮ್ಯ ಒಳಗೆ ಹೋಗಿ ಸಾಲನ್ನು ದಿಟ್ಟಿಸಿದಳು. ಹನ್ನೆರಡು ಚಂದ್ರಿಕೆಗಳು. ಹನ್ನೊಂದು ಗೋಡೆಗೆ ಅಂಟಿದ್ದವು. ಕೊನೆಯದು ಬೆರಳಗಲ ಮುಂದಕ್ಕೆ ನಿಂತಿತ್ತು. ಪೊರಕೆ ಓರೆಯಾಗಿ ಬಿದ್ದಿದ್ದರೂ ಸಹಿಸದ ಅತ್ತೆ ಇದನ್ನು ಹಾಗೇ ಬಿಟ್ಟಿದ್ದಾಳೆಯೇ?

ಅವಳು ಕೈ ಚಾಚಿದಳು.

“ಮುಟ್ಬ್ಯಾಡ ಕಣವ್ವ! ಗೂಡು ಕೆಡ್ತದೆ.”

ಆದರೂ ಸೌಮ್ಯ ಚಂದ್ರಿಕೆಯ ಹಿಂದಕ್ಕೆ ಕೈ ಹಾಕಿದಳು. ರಟ್ಟು ಸಿಕ್ಕಿತು. ಮೆಲ್ಲನೆ ಎಳೆದಳು — ಹಸಿರು ಫೈಲು! ಅದರ ಲಾಡಿಯ ಮೇಲೆ ಒಂದು ಬಿಳಿ ಗೂಡು ಅಂಟಿಕೊಂಡಿತ್ತು. ಒತ್ತಿದರೆ ಗಟ್ಟಿ.

“ಅತ್ತೆ, ಇದನ್ನ ಇಲ್ಲಿಟ್ಟಿದ್ದು ಜಯಕುಮಾರ್ ಅಲ್ಲ.”

“ನಿಂಗೆಂಗೊತ್ತು?”

“ಅವನು ಬಂದಿದ್ದು ಶುಕ್ರವಾರ ಸಂಜೆ. ಅಷ್ಟು ಹೊತ್ತಿಗೆ ಎಲ್ಲಾ ಹುಳಾನೂ ಗೂಡೊಳಗೆ ಸೇರಿದ್ವು. ಓಡಾಡೋಕೆ ಹೊರಗೆ ಒಂದೂ ಇರ್ಲಿಲ್ಲ. ಈ ಹುಳು ಚಂದ್ರಿಕೆಯಿಂದ ತಪ್ಪಿಸ್ಕೊಂಡು ಬಂದು ಲಾಡಿ ಮೇಲೆ ಗೂಡು ಕಟ್ಟೈತೆ ಅಂದ್ರೆ — ಬುಧವಾರಾನೇ ಫೈಲು ಇಲ್ಲಿತ್ತು.”

ಚಿಕ್ಕಲಕ್ಷ್ಮಮ್ಮ ನೆಲ ನೋಡಿದಳು.

“ಬುಧವಾರ ಚಂದ್ರಿಕೆ ಒರಗಿಸಿದ್ದು ನೀವೊಬ್ರೇ. ಮಂಗಳವಾರದ ತನಕ ಯಾರೂ ಮುಟ್ಟಲ್ಲ ಅಂತ ನಿಮಗೆ ಗೊತ್ತಿತ್ತು. ಅಷ್ಟರಲ್ಲಿ ಸೋಮವಾರ ಕಳೆದಿರ್ತದೆ. ಅಲ್ವಾ?”

“ಹರಿದಾಕ್ನಿಲ್ಲ ಕಣವ್ವ. ಮಂಗಳವಾರ ಕೊಡಾನ ಅಂತಿದ್ದೆ. ಇನ್ನೊಂದ್ ವರ್ಷ ಇರ್ಲಿ ಅಂತ.”

“ಜಯಕುಮಾರ್‌ನ ಕಳ್ಳ ಅಂದಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.” ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಎಲ್ರಿಗೂ ಇಲ್ಲಿ ಕಲೀಬೇಕಾ, ಅಲ್ಲಿ ಕಲೀಬೇಕಾ ಅನ್ನೋದೇ ಮಾತು. ಎಲ್ಲಿ ಕಲ್ತ್ರೂ ಅವ್ಳು ಹೋಗೋಳೇ. ಅವ್ಳು ಹೋದ್ರೆ ಈ ಮನೇಲಿ ನಂಜೊತೆ ಮಾತಾಡಕ್ಕೆ ಯಾರವ್ವ ಅವ್ರೆ?”

ಸೌಮ್ಯ ಎದುರಿಗೇ ನಿಂತಿದ್ದಳು. ಅತ್ತೆ ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿಯೂ ಅವಳನ್ನೇ ಕೇಳಿದ್ದಳು. ಮಾತಾಡಲು ಸೊಸೆಯೂ ಇದ್ದಾಳೆಂಬುದು ಅತ್ತೆಗೆ ಹೊಳೆದೇ ಇರಲಿಲ್ಲ. ಅವಳು ಗೂಡನ್ನು ಬಿಡಿಸಿ ಅತ್ತೆಯ ಅಂಗೈಗಿಟ್ಟು ಹೊರಗೆ ಬಂದಳು.

“ಟ್ರಂಕಿನ ಹಿಂದೆ ಬಿದ್ದಿತ್ತು. ಗುಡಿಸೋವಾಗ ನಾನೇ ನೋಡಿಲ್ಲ.”

ಪುಟ್ಟಿ ಫೈಲನ್ನು ಎದೆಗೊತ್ತಿಕೊಂಡಳು. ನಾಗರಾಜು ರೇಗಿದ. “ಬಿ.ಎಸ್ಸಿ. ಓದಿರೋಳಿಗೆ ಇಷ್ಟಗಲದ ಫೈಲು ಕಾಣ್ನಿಲ್ವಾ?”

“ಲೇ, ಕೊರಳಪಟ್ಟಿ ಹಿಡಿದೋನು ನೀನು, ಸೌಮ್ಯಕ್ಕನ್ನ ಯಾಕ್ ಬೈತೀಯಾ?” ಎಂದ ಜಯಕುಮಾರ್. “ಮೊದ್ಲು ನಂಗೊಂದು ಟೀ ಕುಡ್ಸು.”

ಸೋಮವಾರ ಮುಂಜಾನೆ ಚನ್ನಪಟ್ಟಣದ ಬಸ್ಸಿಗೆ ಕಾಯುವಾಗ ಪುಟ್ಟಿ ಲಾಡಿಯ ಮೇಲೆ ಬೆರಳಾಡಿಸಿದಳು.

“ಅತ್ತಿಗೆ, ಇಲ್ಲಿ ಒಸಿ ರೇಷ್ಮೆ ಅಂಟೈತೆ. ನಿಜವಾಗ್ಲೂ ಟ್ರಂಕಿನ ಹಿಂದೆ ಇತ್ತಾ?”

“ಬಸ್ಸು ಬಂತು. ಹತ್ತು.”

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸೌಮ್ಯ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಫೈಲು ಎಲ್ಲಿತ್ತೆಂದು ಪುಟ್ಟಿಗೆ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ. ಅತ್ತೆ ಕೇಳಿದ ಆ ಪ್ರಶ್ನೆಯ ಬಗ್ಗೆಯಂತೂ, ತವರೂರು ಕಲ್ಯದಿಂದ ಅಮ್ಮ ಫೋನ್ ಮಾಡಿ ‘ಚೆನ್ನಾಗಿದ್ದೀಯಾ’ ಎಂದು ವಿಚಾರಿಸಿದಾಗಲೂ ಬಾಯಿ ಬಿಡಬಾರದು ಎಂದು ತೀರ್ಮಾನಿಸಿಕೊಂಡು ಮನೆಯ ಕಡೆ ನಡೆದಳು.