ಉಗುರಿನ ಕಪ್ಪು

"ನೀವು ಬಳಿದ ಬಣ್ಣ ಒಂದ್ವಾರಾನೂ ಬಾಳಿಕೆ ಬರ್ಲಿಲ್ಲ ಕಣ್ರೀ!"

ಹೆತ್ತೂರಿನ ಬಸ್ ಸ್ಟ್ಯಾಂಡ್ ಪಕ್ಕದ ಟಿವಿ ರಿಪೇರಿ ಅಂಗಡಿಯಲ್ಲಿ, ಧರ್ಮನ ಮೇಜಿನ ಮೇಲೆ ರಿಮೋಟ್ ಕುಕ್ಕಿ ಮಂಜುಶ್ರೀ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೊಂಗಡಹಳ್ಳದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಂಜುಂಡಯ್ಯನ ಮಗಳು.

ಧರ್ಮನಿಗೆ ಸಿಟ್ಟು ನೆತ್ತಿಗೇರಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇದ್ದದ್ದು ಕೈಕೆಲಸದ ಹೆಮ್ಮೆಯೊಂದೇ. ರಿಮೋಟಿನ ಗುಂಡಿಯಡಿ ರಬ್ಬರಿಗೆ ಅಂಟಿದ ಕಪ್ಪು ಚುಕ್ಕೆ ಸವೆದರೆ ಕರೆಂಟ್ ಹಾಯುವುದಿಲ್ಲ, ಗುಂಡಿ ಸತ್ತಂತೆ. ಕರೆಂಟ್ ಹಾಯುವ ಬಣ್ಣದ ಪುಟ್ಟ ಬಾಟಲಿಯನ್ನು ಬೆಂಗಳೂರಿನಿಂದ ತರಿಸಿ, ಸೂಜಿಮೊನೆಯಲ್ಲಿ ಬಳಿದು, ಬಲ್ಬಿನ ಶಾಖಕ್ಕೆ ಒಣಗಿಸಿ ಜೀವ ಕೊಡುತ್ತಿದ್ದವನು ಆ ಸೀಮೆಗೆಲ್ಲ ಅವನೊಬ್ಬನೇ.

"ನನ್ನ ಕೆಲ್ಸ ಕೆಡಲ್ಲ," ಎಂದು ಗುರುಗುಟ್ಟುತ್ತ ರಿಮೋಟ್ ಬಿಚ್ಚಿದ. ಚುಕ್ಕೆಯ ಮೇಲೆ ಉಗುರು ಕೆರೆದ ಗೀರು. ತಲೆಯೆತ್ತಿ ನೋಡಿದ. ಅವಳ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು. ಅವಳು ಥಟ್ಟನೆ ಬೆರಳನ್ನು ದುಪಟ್ಟಾದೊಳಗೆ ಅಡಗಿಸಿದಳು.

"ಇಲಿ ಕೆರ್ದೈತೆ."

"ಇರ್ಬಹುದು. ನಮ್ಮನೇಲಿ ಇಲಿ ಜಾಸ್ತಿ."

"ಓಲೆ ಹಾಕ್ಕಂಡಿರೋ ಇಲಿನಾ?"

ಅವಳ ಕೆನ್ನೆ ಹಣ್ಣಾದ ಕಾಫಿಯಂತೆ ಕೆಂಪಾಯಿತು.

ಆಮೇಲೆ ಆ ಇಲಿ ಪದೇಪದೇ ಕೆರೆಯಿತು. ಬಣ್ಣ ಒಣಗುವಷ್ಟು ಹೊತ್ತು ಅವರಿಬ್ಬರದು. 'ರೀ' ಎಂಬುದು ಯಾವಾಗ 'ಕಣೋ' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಅಪ್ಪನ್ನ ಬಂದು ಕೇಳೋ," ಎಂದಳು ಒಮ್ಮೆ.

"ಸಕಲೇಶಪುರದಲ್ಲಿ ದೊಡ್ಡ ಅಂಗಡಿ ಹಾಕ್ಲಿ, ತಲೆ ಎತ್ಕಂಡು ಬತ್ತೀನಿ. ಸ್ಕೂಲು ಬಿಟ್ಟೋನು ಅಂತ ನಿಮ್ಮಪ್ಪ ಒಂದ್ಮಾತು ಅಂದ್ರೂ ನಾನು ತಡ್ಕಳಲ್ಲ."

ಕಾಫಿ ಕುಯ್ಲು ಮುಗಿದ ಮೇಲೆ ಅವಳು ಮತ್ತೆ ಬಂದಳು. ಉಗುರಲ್ಲಿ ಕಪ್ಪಿತ್ತು, ಅಂಗೈಯಲ್ಲಿ ಮದರಂಗಿ.

"ಈ ಸಲ ಗಟ್ಟಿಯಾಗಿ ಬಳಿ. ಇನ್ಮೇಲೆ ಇದನ್ನ ಕೆರೆಯೋರಿಲ್ಲ."

"ಹುಡುಗ ಯಾರು?"

"ಪಾಳ್ಯದ ಕಡೇರು. ಡಿಗ್ರಿ ಆಗೈತಂತೆ."

"ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳ್ಲಿಲ್ವಾ?" ಅವಳು ಹೆಬ್ಬೆರಳನ್ನು ಅವನ ಮುಂದೆ ಹಿಡಿದಳು. "ವರ್ಷವೆಲ್ಲ ರಬ್ಬರ್ ಕೆರೆದೆ ಕಣೋ. ಇನ್ನೇನನ್ನ ಕೆರೀಬೇಕಿತ್ತು?"

ಸಿಟ್ಟಿಗೆ ಅವನಿಗೆ ಬಾಟಲಿ ಎತ್ತಿ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಒಂದು ಪದರ ಬಳಿದು ಒಣಗಿಸಿದ, ಅದರ ಮೇಲೆ ಇನ್ನೊಂದು. ಬೇಕೆಂದೇ ಕೆಡಿಸಿ ಕೊಡಬಹುದಿತ್ತು. ಆ ಹಾಳು ಕೈಗೆ ಅದು ಬರಲಿಲ್ಲ. ಅವಳು ರಿಮೋಟ್ ತೆಗೆದುಕೊಂಡು ಬಸ್ ಹತ್ತಿದಳು. ತಿರುಗಿ ನೋಡಲಿಲ್ಲ.

ಮರುವರ್ಷ ನಂಜುಂಡಯ್ಯ ರೇಡಿಯೋ ರಿಪೇರಿಗೆ ಬಂದವರು ಬೆನ್ನು ತಟ್ಟಿದರು.

"ಭೇಷ್ ಕಣೋ ಧರ್ಮ! ನೀನು ಕೊನೇಲಿ ನಮ್ಮ ರಿಮೋಟಿಗೆ ಬಳಿದಿದ್ಯಲ್ಲ, ಇವತ್ತಿಗೂ ಕೆಟ್ಟಿಲ್ಲ ನೋಡು."